ಧಾರವಾಡದಲ್ಲಿ ಕುಳಿತು ಕೆರಿಬಿಯನ್ ವಲಸೆಯ ಕಾದಂಬರಿ: ಬರೆಯುವುದು, ತಾವೇ ಅಚ್ಚು ಹಾಕಿಸುವುದು

ಕಬ್ಬಿನ ತೋಟದ ಕರಾರಿಗೆ ಹೆಬ್ಬೆಟ್ಟು ಒತ್ತಿ ಕೆರಿಬಿಯನ್‌ಗೆ ಹೋದ ನಮ್ಮ ದೇಶದ ಜನರ ಬಗ್ಗೆ ಕನ್ನಡದಲ್ಲಿ ಕಾದಂಬರಿ ಬರೆಯುವ ಮನಸ್ಸಿದ್ದರೆ, ಕಥೆಗೆ ಕೈ ಹಾಕುವ ಮುನ್ನ ಎರಡು ಸಂಗತಿ ಗಟ್ಟಿ ಮಾಡಿಕೊಳ್ಳಿ: ನಿಮ್ಮ ಪಾತ್ರ ಯಾವ ವರ್ಷ ಹೊರಟಿತು, ಯಾವ ಬಂದರಿನಿಂದ ಹೊರಟಿತು. ಇವೆರಡು ಸಡಿಲವಾಗಿದ್ದರೆ ಹಡಗು, ಕೂಲಿ ದರ, ಭಾಷೆ, ಊಟ ಎಲ್ಲವೂ ಮುಂದೆ ತಪ್ಪುತ್ತಾ ಹೋಗುತ್ತವೆ.

ಈ ವಲಸೆ 1838ರಿಂದ 1917ರವರೆಗಿನದು. ವಿಟ್ಬಿ, ಹೆಸ್ಪರಸ್ ಎಂಬ ಹಡಗುಗಳು 1838ರ ಮೇ ತಿಂಗಳಲ್ಲಿ ಬ್ರಿಟಿಷ್ ಗಯಾನಾ ಮುಟ್ಟಿದವು. ಫತೆಲ್ ರಜಾಕ್ ಹಡಗು 1845ರ ಫೆಬ್ರುವರಿ 16ರಂದು ಕಲ್ಕತ್ತಾ ಬಿಟ್ಟು ಮೇ 30ರಂದು ಟ್ರಿನಿಡಾಡ್ ಸೇರಿತು. 103 ದಿನದ ಪ್ರಯಾಣ. ಡಚ್ಚರ ಸುರಿನಾಮ್‌ಗೆ ಲಾಲಾ ರೂಖ್ ಹಡಗು ಬಂದದ್ದು 1873ರ ಜೂನ್ 5ರಂದು. ಹೋದವರಲ್ಲಿ ಬಹುಪಾಲು ಜನ ಭೋಜಪುರಿ, ಅವಧಿ ಮಾತಾಡುವ ಸೀಮೆಯವರು, ಹತ್ತಿದ್ದು ಕಲ್ಕತ್ತಾದಲ್ಲಿ. ಮದ್ರಾಸಿನಿಂದ ಹೊರಟ ಹಡಗುಗಳು ಕಡಿಮೆ, ಅದೂ ಕೆಲವು ವರ್ಷಗಳಲ್ಲಿ ಮಾತ್ರ.

ಹೀಗಾಗಿ ಧಾರವಾಡದವನನ್ನೇ ನಾಯಕನನ್ನಾಗಿ ಮಾಡುವ ಆಸೆ ಕಷ್ಟ ತರುತ್ತದೆ. ಆಗ ಧಾರವಾಡ ಜಿಲ್ಲೆ (ಇಂದಿನ ಗದಗ, ಹಾವೇರಿ ಸೇರಿ) ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿಂದ ಒಬ್ಬ ಕಲ್ಕತ್ತಾದ ಡಿಪೋದವರೆಗೆ (ಹಡಗು ಹತ್ತುವ ಮುನ್ನ ಆಳುಗಳನ್ನು ಇರಿಸುತ್ತಿದ್ದ ಜಾಗ) ಹೇಗೆ ಹೋದ ಎಂಬುದಕ್ಕೇ ಒಂದು ಅಧ್ಯಾಯ ಬೇಕು. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು. ಕನ್ನಡದ ಪಾತ್ರವೇ ಬೇಕೆಂದರೆ ಬಳ್ಳಾರಿ ಕಡೆಯವನನ್ನು ಮದ್ರಾಸಿನಿಂದ ಹತ್ತಿಸುವುದು ನಂಬುವಂತಿರುತ್ತದೆ. ಆದರೆ ನೀವು ಆರಿಸಿದ ವರ್ಷ ಮದ್ರಾಸಿನಿಂದ ಆ ದ್ವೀಪಕ್ಕೆ ಹಡಗು ಹೊರಟಿತ್ತೇ ಎಂದು ಮೊದಲು ನೋಡಿ. ಬರ ಬಿತ್ತು, ಮನೆಮಂದಿಯೆಲ್ಲ ಹಡಗು ಹತ್ತಿದರು ಎಂದು ಬರೆದುಬಿಡುವುದು ಬಲು ಸುಲಭ, ತಪ್ಪಾಗುವುದೂ ಅಲ್ಲೇ.

ಹಡಗು ಹತ್ತುವ ಪ್ರತಿ ಪಾತ್ರಕ್ಕೂ ಒಂದು ವಲಸೆ ಪಾಸ್ ನೀವೇ ತುಂಬಿ. ನಿಜವಾದ ಪಾಸಿನಲ್ಲಿ ಇರುತ್ತಿದ್ದ ಕಾಲಂಗಳು ಇವು: ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು, ಹತ್ತಿರದ ಸಂಬಂಧಿಕರು. ಹೆಸರನ್ನು ಕೇಳಿ ಬರೆದುಕೊಂಡವನು ಗುಮಾಸ್ತ. ಅವನ ಕಿವಿಗೆ ಬಿದ್ದ ತಪ್ಪು ಹೆಸರೇ ಮುಂದೆ ಮೂರು ತಲೆಮಾರಿನ ಅಡ್ಡಹೆಸರಾಗಬಹುದು. ಈ ಒಂದು ಹಾಳೆ ನಿಮಗೆ ಹತ್ತು ದೃಶ್ಯ ಕೊಡುತ್ತದೆ.

ಆಕರಕ್ಕೆ ಲಂಡನ್ನಿಗೆ ಹೋಗಬೇಕಿಲ್ಲ. ಬಂಗಾಳದಿಂದ ಹೊರಟ ವಲಸೆಯ ಮೇಲೆ ಗ್ರಿಯರ್ಸನ್ 1883ರಲ್ಲಿ ಕೊಟ್ಟ ವರದಿ, ಕಾಮಿನ್ಸ್ ವಸಾಹತುಗಳನ್ನು ಸುತ್ತಿ ಬರೆದು 1893ರಲ್ಲಿ ಅಚ್ಚಾದ ಟಿಪ್ಪಣಿಗಳು, 1910ರ ಸ್ಯಾಂಡರ್ಸನ್ ಸಮಿತಿಯ ವರದಿ ಇವು ಹುಡುಕಿದರೆ ಸಿಗುವ ಸರ್ಕಾರಿ ಕಡತಗಳು. ಸುರಿನಾಮ್‌ಗೆ ಬಂದವರ ದಾಖಲೆ ಅಂತರ್ಜಾಲದಲ್ಲಿ ಹೆಸರು ಹಾಕಿ ಹುಡುಕುವಂತಿದೆ. ಇವನ್ನು ಓದುವಾಗ ಒಂದು ಎಚ್ಚರ ಬೇಕು. ಇವೆಲ್ಲ ಅಧಿಕಾರಿಗಳ ಕಣ್ಣಿನವು. ದರ, ಅಳತೆ, ದಿನಾಂಕ ಅವರಿಂದ ತೆಗೆದುಕೊಳ್ಳಿ. ಆಳು ಏನು ಅಂದುಕೊಂಡ ಎಂಬುದನ್ನು ಅವರಿಂದ ತೆಗೆದುಕೊಳ್ಳಬೇಡಿ.

ಲೆಕ್ಕಕ್ಕೆ ಒಂದು ಉದಾಹರಣೆ. ಟ್ರಿನಿಡಾಡ್‌ನಲ್ಲಿ ಕರಾರು ಐದು ವರ್ಷದ್ದು, ದಿನಕ್ಕೆ 25 ಸೆಂಟ್. ಅಲ್ಲಿನ ಡಾಲರ್ ಅಂದರೆ 4 ಶಿಲಿಂಗ್ 2 ಪೆನ್ಸ್, ಆದ್ದರಿಂದ 25 ಸೆಂಟ್ ಎಂದರೆ ಹನ್ನೆರಡೂವರೆ ಪೆನ್ಸ್. 1900ರ ಹೊತ್ತಿಗೆ ರೂಪಾಯಿ 16 ಪೆನ್ಸ್ ಆಗಿತ್ತು. ಅಂದರೆ ಸುಮಾರು ಹನ್ನೆರಡೂವರೆ ಆಣೆ. ಊರಿನ ಕೂಲಿಗಿಂತ ಇದು ದೊಡ್ಡದಾಗಿ ಕಾಣುತ್ತದೆ, ಆಳು ಕೂಡಿಸುವ ದಲ್ಲಾಳಿ ಹೇಳುತ್ತಿದ್ದುದೂ ಇದನ್ನೇ. ಆದರೆ ಕೆಲಸ ಗುತ್ತಿಗೆ ಲೆಕ್ಕದಲ್ಲಿ. ಹೇಳಿದಷ್ಟು ಸಾಲು ಕಡಿಯದಿದ್ದರೆ ಆ ದಿನದ ದುಡ್ಡು ಪೂರ್ತಿ ಬರುವುದಿಲ್ಲ, ಕಾಯಿಲೆ ಬಿದ್ದ ದಿನಕ್ಕೂ ಇಲ್ಲ. ಆಸೆ ಹುಟ್ಟುವುದು, ಮುರಿಯುವುದು ಎರಡೂ ಈ ಲೆಕ್ಕದೊಳಗೇ ಇದೆ.

ಹವಾಮಾನದಲ್ಲಿ ಎಡವುವವರು ಬಹಳ. ಚಂಡಮಾರುತ ಬೇಕೆಂದು ಗಯಾನಾದಲ್ಲಿ ಬೀಸಿಸಬೇಡಿ. ಅದು ದ್ವೀಪವಲ್ಲ, ದಕ್ಷಿಣ ಅಮೆರಿಕದ ನೆಲ, ಆ ಬಿರುಗಾಳಿಗಳ ದಾರಿಯಿಂದ ಕೆಳಗಿದೆ. ಅಲ್ಲಿನ ಭಯ ನೀರಿನದು. ಕರಾವಳಿ ಸಮುದ್ರದ ಮಟ್ಟಕ್ಕಿಂತ ತಗ್ಗು, ಅದಕ್ಕೇ ಕಾಲುವೆ, ತೂಬು, ಸಮುದ್ರದ ಗೋಡೆ. ಟ್ರಿನಿಡಾಡ್‌ನಲ್ಲಿ ಜನವರಿಯಿಂದ ಮೇವರೆಗೆ ಒಣ ಹವೆ, ಕಬ್ಬು ಕಡಿಯುವುದು ಆಗಲೇ.

ಇನ್ನು ಮಾತು. ಹುಬ್ಬಳ್ಳಿ-ಧಾರವಾಡದ ಲೇಖಕರಿಗೆ ಇಲ್ಲಿ ದೊಡ್ಡ ಅನುಕೂಲ, ಅಷ್ಟೇ ದೊಡ್ಡ ಅಪಾಯ ಎರಡೂ ಇವೆ. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ನಮಗೆ ಗೊತ್ತಿರುವ ಪದಗಳೇ.

'ಕೂಲಿ' ನಮಗೆ ದುಡಿಮೆಯ ಹೆಸರು, ದುಡಿಮೆಯ ದುಡ್ಡು. ಅಲ್ಲಿ ಅದು ಭಾರತೀಯರನ್ನು ಹೀಯಾಳಿಸುವ ಬೈಗುಳ. ನಿರೂಪಕನ ಮಾತಿನಲ್ಲಿ ಅದನ್ನು ಎಲ್ಲೆಂದರಲ್ಲಿ ಬಳಸಿದರೆ ಬೈಗುಳ ಬಂದಾಗ ಓದುಗರಿಗೆ ಚುಚ್ಚುವುದಿಲ್ಲ. ಆದ್ದರಿಂದ ಪಾತ್ರ ಊರು ಬಿಟ್ಟ ಮೇಲೆ ನಿರೂಪಣೆಯಲ್ಲಿ 'ಕರಾರಿನ ಆಳು' ಎನ್ನಿ, 'ಕೂಲಿ'ಯನ್ನು ಬೈಯುವವರ ಬಾಯಿಗೆ ಮಾತ್ರ ಬಿಡಿ. ಊರಲ್ಲಿ ಮರ್ಯಾದೆಯಿಂದ 'ಕೂಲಿಗೆ ಹೊಂಟೇನಿ' ಅಂದಿದ್ದವನಿಗೆ ಅಲ್ಲಿ ಅದೇ ಪದ ಉಗುಳಿನಂತೆ ಬಂದು ಬೀಳಬೇಕು.

ಅಗ್ರಿಮೆಂಟ್ ಎಂಬುದರಿಂದ ಹುಟ್ಟಿದ 'ಗಿರ್ಮಿಟ್' ಕೂಡ ಹಾಗೆಯೇ. ಹುಬ್ಬಳ್ಳಿಯ ಓದುಗರಿಗೆ ಅದು ಚುರುಮುರಿ, ಉಳ್ಳಾಗಡ್ಡಿ, ಪುಠಾಣಿ ಹಿಟ್ಟು, ಮಗ್ಗಲಲ್ಲಿ ಮಿರ್ಚಿ. ಆ ಪದ ಬೇಕೇ ಬೇಕೆಂದರೆ ಮೊದಲ ಸಲ ಬರುವಾಗ ಕಾಗದ, ಶಾಯಿ, ಹೆಬ್ಬೆಟ್ಟು ಇರುವ ದೃಶ್ಯದೊಳಗೇ ಇಡಿ. 'ಕಾಲಾಪಾನಿ' ಎಂದರೆ ನಮ್ಮವರಿಗೆ ಅಂಡಮಾನಿನ ಜೈಲು ನೆನಪಾಗುತ್ತದೆ, ಇಲ್ಲಿ ಅದು ಜಾತಿ ಕೆಡಿಸುವ ಕಪ್ಪು ನೀರು. 'ರೊಟ್ಟಿ' ಎಂದರೆ ನಮಗೆ ಜೋಳದ್ದು. ಅಲ್ಲಿನದು ಗೋಧಿ ಹಿಟ್ಟಿನದು, ದಾಲ್‌ಪುರಿಯಾದರೆ ಒಳಗೆ ಬೇಯಿಸಿ ಪುಡಿ ಮಾಡಿದ ಬೇಳೆ. ಹಿಟ್ಟನ್ನು ಒಮ್ಮೆ ಹೇಳಿಬಿಟ್ಟರೆ ಸಾಕು, ಪ್ರತಿ ಊಟಕ್ಕೂ ವಿವರಣೆ ಬೇಡ. ಅಪ್ಪನ ಕಡೆಯ ಅಜ್ಜ-ಅಜ್ಜಿಗೆ ಅಲ್ಲಿ 'ಆಜಾ', 'ಆಜಿ' ಅನ್ನುತ್ತಾರೆ. ಅದನ್ನು ಹಾಗೇ ಬಿಡಿ, ನಮ್ಮ ಕಿವಿಗೆ ತಾನಾಗಿ ಹತ್ತಿರ ಬರುತ್ತದೆ.

ಕ್ರಿಯೋಲ್ ಮಾತನ್ನು, ಅಂದರೆ ಅಲ್ಲಿನ ಜನರ ಬೆರಕೆ ಆಡುಮಾತನ್ನು, ಕನ್ನಡದಲ್ಲಿ ಹೇಗೆ ತರುವುದು? ಅಲ್ಲಿ ಶಾಲೆಯ ಇಂಗ್ಲಿಷ್ ಮತ್ತು ಮನೆಯ ಮಾತು ಎರಡಾಗಿ ಬದುಕುತ್ತವೆ. ನಮ್ಮಲ್ಲೂ ಪುಸ್ತಕದ ಕನ್ನಡ, ಓಣಿಯ ಕನ್ನಡ ಹಾಗೇ ಇವೆ. ಈ ಅಂತರವನ್ನು ಬಳಸಿಕೊಳ್ಳಿ, ನಮ್ಮ ಊರಿನ ಗುರುತುಗಳನ್ನು ಬಿಡಿ. ಪುಸ್ತಕದ ಸಾಲು: 'ನಾನು ಅವನನ್ನು ನೋಡಲೇ ಇಲ್ಲ.' ಬೇಕಾದದ್ದು: 'ನಾ ಅವನ್ನ ನೋಡೇ ಇಲ್ಲ.' ಬೇಡದ್ದು: 'ನಾ ಅವನ್ನ ನೋಡೇ ಇಲ್ರೀ ಯಪ್ಪಾ.' ಮೂರನೆಯದರಲ್ಲಿ ಪೋರ್ಟ್ ಆಫ್ ಸ್ಪೇನ್‌ನವನು ಒಮ್ಮೆಲೇ ನವಲಗುಂದದವನಾಗಿಬಿಟ್ಟ. ಸ್ವರ ಮೊಟಕಾಗಲಿ, ಪ್ರತ್ಯಯ ಬೀಳಲಿ; 'ರೀ', 'ಯಪ್ಪಾ', ನಮ್ಮ ದೇವರ ಆಣೆಗಳು ಬರಬಾರದು. ಮತ್ತು ಈ ಮಾತನ್ನು ನಗೆಪಾಟಲಿನ ಪಾತ್ರಗಳಿಗಷ್ಟೇ ಕೊಡಬೇಡಿ. ದುಃಖ, ಜಗಳ, ಪ್ರೀತಿ, ಲೆಕ್ಕಾಚಾರ ಎಲ್ಲ ಅದರಲ್ಲೇ ನಡೆಯಲಿ.

ಕಥೆ ಎರಡನೆಯ ವಲಸೆಗೆ, ಅಂದರೆ ಇಂಗ್ಲೆಂಡಿಗೆ ಸಾಗುವುದಾದರೆ ಎರಡು ದಿನಾಂಕ ಗೋಡೆಗೆ ಅಂಟಿಸಿಕೊಳ್ಳಿ. ಎಂಪೈರ್ ವಿಂಡ್‌ರಶ್ ಹಡಗಿನಲ್ಲಿ ಕೆರಿಬಿಯನ್‌ನಿಂದ ಬಂದ ಜನ ಲಂಡನ್ ಬಳಿಯ ಟಿಲ್ಬರಿಯಲ್ಲಿ ಇಳಿದದ್ದು 1948ರ ಜೂನ್ 22. ಕಾಮನ್‌ವೆಲ್ತ್ ವಲಸಿಗರ ಕಾಯ್ದೆ ಜಾರಿಗೆ ಬಂದದ್ದು 1962ರ ಜುಲೈ 1. ಆಮೇಲೆ ಹೋಗುವ ಪಾತ್ರ ಬರೀ ಟಿಕೆಟ್ ಹಿಡಿದು ಹೋಗಲಾರದು.

ಹಸ್ತಪ್ರತಿ ಮುಗಿದ ಮೇಲೆ ಅಚ್ಚು. ಇಂಥ ಕಾದಂಬರಿಗೆ ಡಿಟಿಪಿಯಲ್ಲೇ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವಲ್ಲಿ) ಹೆಚ್ಚು ಪೆಟ್ಟು ಬೀಳುತ್ತದೆ, ಕಾರಣ ಪರದೇಶದ ಹೆಸರುಗಳು. 'ಟ್ರಿನಿಡಾಡ್‌ನಲ್ಲಿ' ಎಂಬುದರಲ್ಲಿ 'ಡ್' ಮತ್ತು 'ನ' ನಡುವೆ ಕಾಣದ ಒಂದು ತಡೆ ಅಕ್ಷರವಿದೆ. ಅದು ಬಿದ್ದುಹೋದರೆ 'ಟ್ರಿನಿಡಾಡ್ನಲ್ಲಿ' ಎಂದು ಒತ್ತಕ್ಷರವಾಗುತ್ತದೆ. ಯುನಿಕೋಡ್‌ನಿಂದ 'ನುಡಿ' ಎಂಬ ಕನ್ನಡ ತಂತ್ರಾಂಶದ ಅಕ್ಷರಗಳಿಗೆ, ನುಡಿಯಿಂದ ಯುನಿಕೋಡ್‌ಗೆ ಫೈಲ್ ಬದಲಿಸುವಾಗ ಇದು, ಅರ್ಕಾವತ್ತು, ಮೊ-ವೊ ಅಕ್ಷರಗಳು ಕೆಡುತ್ತವೆ. ಎಲ್ಲ ಊರು-ಹೆಸರುಗಳ ಒಂದು ಪಟ್ಟಿ ಮಾಡಿಟ್ಟು, ಬದಲಿಸಿದ ಮೇಲೆ ಒಂದೊಂದನ್ನೇ ಹುಡುಕಿ ನೋಡಿ. ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವವರಾದರೆ ವರ್ಲ್ಡ್ ರೆಡಿ ಕಂಪೋಸರ್ ಆನ್ ಇರಲಿ, ಇಲ್ಲದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ. ಕೊನೆಯ ಕರಡನ್ನು ಪರದೆಯ ಮೇಲೆ ನೋಡಬೇಡಿ, ಕಾಗದದ ಮೇಲೆ ತೆಗೆಸಿಯೇ ನೋಡಿ.

ಕಾಗದದ ಲೆಕ್ಕ ನಿಮಗೂ ಗೊತ್ತಿರಲಿ. 60,000 ಪದ ಡೆಮಿ 1/8ರಲ್ಲಿ (ಡೆಮಿ ಹಾಳೆಯನ್ನು ಎಂಟಾಗಿ ಮಡಿಸಿದ ಆಕಾರ) ಸುಮಾರು 288 ಪುಟ. ಒಂದು ಡೆಮಿ ಹಾಳೆಗೆ 16 ಪುಟ, ಹಾಗಾಗಿ 18 ಫಾರ್ಮ್ (16 ಪುಟದ ಒಂದು ಕಟ್ಟು). 500 ಪ್ರತಿಗೆ 9,000 ಹಾಳೆ, ಅಂದರೆ 18 ರೀಮ್. ಹಾಳಾಗುವುದಕ್ಕೆ ಇನ್ನೊಂದು ರೀಮ್ ಸೇರಿಸಿ. ಪುಟ 290 ಆಗಿ ನಿಂತರೆ ಎರಡು ಪುಟಕ್ಕಾಗಿ ಇನ್ನೊಂದು ಫಾರ್ಮ್ ತೆರಬೇಕಾಗುತ್ತದೆ, ಆದ್ದರಿಂದ ಅಕ್ಷರದ ಗಾತ್ರವನ್ನೋ ಅಂಚನ್ನೋ ಸರಿಪಡಿಸಿ 288ಕ್ಕೆ ತನ್ನಿ. ಒಳಗೆ 70 ಜಿಎಸ್ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೋ ಕಾಗದ, ಹೊದಿಕೆಗೆ 300 ಜಿಎಸ್ಎಂ ಆರ್ಟ್ ಕಾರ್ಡ್. ಈ ದಪ್ಪಕ್ಕೆ ಬೆನ್ನು ಸುಮಾರು 13 ಮಿಲಿಮೀಟರ್. ಬರೀ ಅಂಟಿನ ಬೈಂಡಿಂಗ್‌ಗಿಂತ ಫಾರ್ಮ್ ಹೊಲಿಸಿ ಅಂಟಿಸುವುದು ಲೇಸು, ಗ್ರಂಥಾಲಯದಲ್ಲಿ ಹತ್ತು ಕೈ ದಾಟಿದರೂ ಹಾಳೆ ಕೀಳುವುದಿಲ್ಲ. ಕಾಗದದ ಎಳೆ ಬೆನ್ನಿಗೆ ಸಮನಾಗಿ ಹೋಗಬೇಕು, ಅಡ್ಡ ಬಿದ್ದರೆ ಮಳೆಗಾಲದಲ್ಲಿ ಪುಸ್ತಕ ಅಲೆಅಲೆಯಾಗುತ್ತದೆ. ಹುಬ್ಬಳ್ಳಿಯಲ್ಲಿ ಎರಡು ಕಡೆ, ಅಚ್ಚಿನ ಕಸುಬಿಗೆ ಹೆಸರಾದ ಗದಗಿನಲ್ಲಿ ಒಂದು ಕಡೆ ದರ ಕೇಳಿ. ಮೂರು ಕಡೆಗೂ ಇದೇ ವಿವರ ಬರೆದು ಕೊಡಿ, ಆಗಲೇ ಹೋಲಿಕೆ ಆಗುತ್ತದೆ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ದುಡ್ಡಿಲ್ಲದೆ ಸಿಗುತ್ತದೆ, ಲೇಖಕರೇ ಅರ್ಜಿ ಹಾಕಬಹುದು. ಮುಖಪುಟ ಅಚ್ಚಿಗೆ ಹೋಗುವ ಮುನ್ನ ಹಾಕಿ. ಅಂಗಡಿಯವರು 30ರಿಂದ 40ರಷ್ಟು ಶೇಕಡಾ ಕಮಿಷನ್ ಕೇಳುತ್ತಾರೆ, ಬೆಲೆ ಇಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಮಾರಿದ ಮೇಲೆ ದುಡ್ಡು ಎಂಬ ಕರಾರಿನಲ್ಲಿ ಕೊಟ್ಟರೆ ಎರಡು ಪ್ರತಿ ಚಲನ್ ಮಾಡಿ ಸಹಿ ಹಾಕಿಸಿಕೊಳ್ಳಿ. ಗ್ರಂಥಾಲಯ ಇಲಾಖೆ ಪುಸ್ತಕ ಆಯ್ಕೆಗೆ ಕರೆದಾಗ ಮೊದಲ ಮುದ್ರಣದ ವರ್ಷ ನೋಡುತ್ತದೆ, ಅದು ಎರಡನೆಯ ಪುಟದಲ್ಲಿ ಸ್ಪಷ್ಟವಾಗಿರಲಿ.

ತಾವೇ ಅಚ್ಚು ಹಾಕಿಸಿದವರು ಕಾನೂನಿನ ಕಣ್ಣಿಗೆ ಪ್ರಕಾಶಕರು. ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಒಂದು ಪ್ರತಿಯನ್ನು ನಿಮ್ಮ ಖರ್ಚಿನಲ್ಲಿ ಕೋಲ್ಕತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಒಂದೊಂದು. ಕಟ್ಟಿನಿಂದ ಮೊದಲು ತೆಗೆಯುವ ನಾಲ್ಕು ಪ್ರತಿಗಳನ್ನು ಇವಕ್ಕೇ ಎತ್ತಿಡಿ.