ತಲಪಾಡಿ ದಾಟಿದರೆ ವೈರ್‌ಮನ್ ಪರ್ಮಿಟ್ ನಡೆಯುತ್ತದಾ?

ಡ್ರೈವಿಂಗ್ ಲೈಸೆನ್ಸ್ ಒಂದಿದ್ದರೆ ಮಂಗಳೂರಿನಿಂದ ಕನ್ಯಾಕುಮಾರಿವರೆಗೆ ಗಾಡಿ ಓಡಿಸಬಹುದು. ವೈರಿಂಗ್ ಕೆಲಸ ಮಾಡಲು ರಾಜ್ಯ ಕೊಡುವ ವೈರ್‌ಮನ್ ಪರ್ಮಿಟ್ ಹಾಗಲ್ಲ. ಇದು ಗೊತ್ತಿಲ್ಲದೆ ನನ್ನ ಚಿಕ್ಕಮ್ಮನ ಮಗ ದಿನೇಶ ಪೇಚಿಗೆ ಸಿಕ್ಕಿಬಿದ್ದ. ಬಂಟ್ವಾಳದಲ್ಲಿ ಎಂಟು ವರ್ಷ ವೈರಿಂಗ್ ಮಾಡಿದವನು ಮದುವೆಯಾಗಿ ತಲಪಾಡಿ ಗಡಿ ದಾಟಿ ಕೇರಳದ ಮಂಜೇಶ್ವರಕ್ಕೆ ಹೋದ, ಮಾವನ ಹೊಸ ಮನೆಗೆ ಡಿಬಿಯಿಂದ (ಡಿಸ್ಟ್ರಿಬ್ಯೂಷನ್ ಬೋರ್ಡ್) ಹಿಡಿದು ಅರ್ತಿಂಗ್‌ವರೆಗೆ ಎಲ್ಲ ಅಚ್ಚುಕಟ್ಟಾಗಿ ಮುಗಿಸಿದ, ಕೊನೆಗೆ ಕನೆಕ್ಷನ್‌ಗೆ ಅರ್ಜಿ ಹಾಕುವಾಗ ನೋಡಿದರೆ ವೈರಿಂಗ್ ಸರಿಯಿದೆ ಅನ್ನುವ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕುವವರೇ ಇಲ್ಲ. ಇವನ ಪರ್ಮಿಟ್ ಕರ್ನಾಟಕದ್ದು. ಅಲ್ಲಿನ ಕಂಟ್ರಾಕ್ಟರು, ಯಾರೋ ಎಳೆದ ವೈರಿಗೆ ನಾನ್ಯಾಕೆ ಸಹಿ ಹಾಕಲಿ ಅಂದರು. ಅವರು ಹೇಳಿದ್ದೂ ಸರಿಯೇ ಅಲ್ವಾ?

ನಿಯಮ ಏನು ಹೇಳುತ್ತದೆ ನೋಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿವೆ. ಮೊದಲು 2010ರದ್ದಿತ್ತು, ಈಗ 2023ರದ್ದು. ಅದರ ಪ್ರಕಾರ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರೇ ಹಿಡಿಯಬೇಕು, ಸರ್ಟಿಫಿಕೇಟ್ ಇರುವ ಸೂಪರ್‌ವೈಸರ್ ಮುಂದೆ ನಿಂತು ಮಾಡಿಸಬೇಕು, ಕೈಹಾಕಿ ಕೆಲಸ ಮಾಡುವವನ ಹತ್ತಿರ ರಾಜ್ಯ ಸರ್ಕಾರ ಕೊಟ್ಟ ಅಥವಾ ಮಾನ್ಯ ಮಾಡಿದ ಪರ್ಮಿಟ್ ಇರಬೇಕು. ಹಾಗೆ ಮಾಡದ ಕೆಲಸಕ್ಕೆ ಕರೆಂಟ್ ಕೊಡುವಂತಿಲ್ಲ. 'ಅಥವಾ ಮಾನ್ಯ ಮಾಡಿದ' ಅನ್ನುವ ಆ ಮಾತು ಇದೆಯಲ್ಲ, ನಮ್ಮ ದಾರಿ ಅಲ್ಲೇ ಇರುವುದು.

ಮೊದಲು ನಿಮ್ಮ ಕೈಯಲ್ಲಿರುವ ಕಾಗದ ಯಾವುದು ಅಂತ ನೋಡಿ

ಐಟಿಐ ಸರ್ಟಿಫಿಕೇಟನ್ನೇ ಲೈಸೆನ್ಸ್ ಅಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಕೊಟ್ಟ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟ್ ಓದಿನ ಗುರುತು, ಅದಕ್ಕೆ ಇಡೀ ದೇಶದಲ್ಲಿ ಬೆಲೆ ಇದೆ. ಪರ್ಮಿಟ್ ಮಾತ್ರ ರಾಜ್ಯದ್ದು. ನಮ್ಮಲ್ಲಿ ಅದು ವಿದ್ಯುತ್ ಪರಿವೀಕ್ಷಣಾಲಯದ ಕೆಲಸ, ಮೆಸ್ಕಾಂ ಬೆಸ್ಕಾಂನದ್ದಲ್ಲ. ಕೇರಳದಲ್ಲಿ ಇದಕ್ಕೆ ಲೈಸೆನ್ಸಿಂಗ್ ಬೋರ್ಡ್ ಇದೆ, ಇರುವುದು ತಿರುವನಂತಪುರದಲ್ಲಿ. ಮಂಜೇಶ್ವರದವರಿಗೆ ಅದು ರಾಜ್ಯದ ಇನ್ನೊಂದು ತುದಿ! ಹಾಗಾಗಿ ಮೊದಲು ಕಾಸರಗೋಡಿನ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟೋರೇಟ್ ಕಚೇರಿಗೆ ಹೋಗಿ ವಿಚಾರಿಸಿ, ಸುಮ್ನೆ ರೈಲು ಹತ್ತಬೇಡಿ.

ಊರು ಬಿಡುವ ಮುಂಚೆ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಇಲ್ಲೇ ಮುಗಿಸಿಕೊಳ್ಳಿ. ಪರ್ಮಿಟ್ ಅವಧಿ ಮುಗಿಯಲು ಬಂದಿದ್ದರೆ ರಿನ್ಯೂವಲ್ ಮಾಡಿಸಿ. ಅವಧಿ ಮುಗಿದ ಪರ್ಮಿಟ್ ಹಿಡಿದುಕೊಂಡು ಬೇರೆ ರಾಜ್ಯದಲ್ಲಿ ಮಾನ್ಯತೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಈ ಪರ್ಮಿಟ್ ನಾವೇ ಕೊಟ್ಟಿದ್ದು, ಅಸಲಿ, ಈಗಲೂ ಚಾಲ್ತಿಯಲ್ಲಿದೆ ಅಂತ ಕೊಟ್ಟ ಕಚೇರಿಯಿಂದಲೇ ಒಂದು ಪತ್ರ ಕೇಳಿ ಪಡೆಯಿರಿ.

ಅನುಭವದ ಪತ್ರವನ್ನು ನೀವು ದುಡಿದ ಕಂಟ್ರಾಕ್ಟರ ಲೆಟರ್‌ಹೆಡ್‌ನಲ್ಲಿ ಬರೆಸಿ. ಅವರ ಲೈಸೆನ್ಸ್ ನಂಬರ್, ನೀವು ಯಾವಾಗಿಂದ ಯಾವಾಗಿನವರೆಗೆ ಇದ್ದಿರಿ, ಮನೆ ವೈರಿಂಗಾ, ತ್ರೀ ಫೇಸ್ ಮೋಟರ್ ಕೆಲಸವಾ, ಇಷ್ಟು ಇರಲೇಬೇಕು. 'ಒಳ್ಳೆಯ ಹುಡುಗ, ನಂಬಿಕಸ್ಥ' ಅಂತ ಬರೆದುಕೊಟ್ಟರೆ ಮದುವೆಗೆ ಆಗಬಹುದು, ಅರ್ಜಿಗೆ ಆಗಲ್ಲ. ಇಂಗ್ಲಿಷಿನಲ್ಲೇ ಬರೆಸಿ, ಆಮೇಲೆ ಅನುವಾದ, ನೋಟರಿ ಅಂತ ಓಡಾಡುವುದು ತಪ್ಪುತ್ತದೆ.

ದಿನೇಶನಿಗೆ ಜಾಸ್ತಿ ಕಾಟ ಕೊಟ್ಟಿದ್ದು ಹೆಸರು. ಐಟಿಐ ಸರ್ಟಿಫಿಕೇಟಿನಲ್ಲಿ 'ದಿನೇಶ್ ಕೆ', ಪರ್ಮಿಟ್‌ನಲ್ಲಿ 'ಕೆ. ದಿನೇಶ', ಆಧಾರ್‌ನಲ್ಲಿ 'ದಿನೇಶ್ ಕುಲಾಲ್'. ಮೂರೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಬೇಕಾಯಿತು. ನೀವು ಮೂರೂ ಕಾಗದವನ್ನು ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ಅಪ್ಪನ ಹೆಸರು, ಹುಟ್ಟಿದ ದಿನ ಕೂಡ.

ಹೋದ ಮೇಲೆ

ಅಲ್ಲಿನ ಕಚೇರಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಕರ್ನಾಟಕದ ಪರ್ಮಿಟ್ಟನ್ನು ಮಾನ್ಯ ಮಾಡಿಕೊಡುತ್ತೀರಾ, ಅಥವಾ ನಾನು ಹೊಸದಾಗಿ ಅರ್ಜಿ ಹಾಕಬೇಕಾ? ಮಾನ್ಯ ಮಾಡುತ್ತೇವೆ ಅಂದರೆ ಊರಿಂದ ತಂದ ಪತ್ರ ಕೊಡಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಹೊಸ ಅರ್ಜಿ ಅಂದರೂ ಬೇಜಾರಾಗಬೇಡಿ. ಐಟಿಐ ಮತ್ತು ಅನುಭವದ ಪತ್ರ ಇದ್ದವರದು ಶುರುವಿಂದ ಶುರು ಅಲ್ಲ, ಅವೆರಡೂ ಅಲ್ಲಿ ಕೆಲಸಕ್ಕೆ ಬರುತ್ತವೆ.

ಕಂಟ್ರಾಕ್ಟರ್ ಲೈಸೆನ್ಸ್ ಇದ್ದವರಿಗೆ ಕಥೆ ಬೇರೆ. ಅದು ವ್ಯಕ್ತಿಯ ಕೈಚಳಕಕ್ಕೆ ಕೊಟ್ಟ ಕಾಗದವಲ್ಲ, ಒಂದು ಉದ್ಯಮಕ್ಕೆ ಕೊಟ್ಟದ್ದು. ಅಲ್ಲಿ ಆಫೀಸ್ ವಿಳಾಸ, ಸೂಪರ್‌ವೈಸರ್, ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಉಪಕರಣ), ಅರ್ತ್ ಟೆಸ್ಟರ್ ಎಲ್ಲ ತೋರಿಸಿ ಬೇರೆಯೇ ಲೈಸೆನ್ಸ್ ತೆಗೆಯುವ ಲೆಕ್ಕ ಹಾಕಿಕೊಳ್ಳಿ. ಜಿಎಸ್‌ಟಿ ನಂಬರ್ ಕೂಡ ರಾಜ್ಯಕ್ಕೊಂದು.

ಕಾಗದ ಬರುವವರೆಗೆ ಹೊಟ್ಟೆಪಾಡು? ಬಲ್ಬ್, ಫ್ಯೂಸ್, ಸ್ವಿಚ್, ಫ್ಯಾನ್, 250 ವೋಲ್ಟ್ ಒಳಗಿನ ಮನೆಬಳಕೆಯ ಸಾಮಾನು, ಇವನ್ನು ಬದಲಾಯಿಸಲು ಪರ್ಮಿಟ್ ಬೇಡ ಅಂತ ನಿಯಮದಲ್ಲೇ ಬಿಟ್ಟಿದ್ದಾರೆ, ಆದರೆ ಲೈನಿನ ಲೋಡು ಮತ್ತು ಸ್ವರೂಪ ಬದಲಾಗಬಾರದು. ಹಳೆ ಫ್ಯಾನ್ ಇಳಿಸಿ ಹೊಸತು ಹಾಕಿ, ತೊಂದರೆ ಇಲ್ಲ. ಏಸಿಗೆ ಅಂತ ಹೊಸ ಲೈನ್ ಎಳೆದಿರೋ, ಅದು ಆಗಲೇ ವೈರಿಂಗ್. ದಿನೇಶ ಆ ಮಳೆಗಾಲ ಪೂರ್ತಿ ಸುಟ್ಟ ಸ್ವಿಚ್ಚು, ಗುಂಯ್‌ಗುಡುವ ಫ್ಯಾನುಗಳಲ್ಲೇ ಕಳೆದ. ಮಾವನ ಮನೆಗೆ ಕೊನೆಗೆ ಸಹಿ ಹಾಕಿದ ಕಂಟ್ರಾಕ್ಟರು ಪ್ರತಿ ಪಾಯಿಂಟೂ ಬಿಚ್ಚಿಸಿ ನೋಡಿದ ಮೇಲೆಯೇ ಪೆನ್ನು ತೆಗೆದದ್ದು.