ಕರಕರ ಅನ್ನೋ ಹಳೇ ಹ್ಯಾಮ್ ಸೆಟ್: ಲೂಸ್ ಕಾಂಟ್ಯಾಕ್ಟ್ ಹುಡುಕಿದ್ದು ಹೀಗೆ

ಮಳೆಗಾಲ ಕಳೆದು ನನ್ನ ಹ್ಯಾಮ್ (ಹವ್ಯಾಸಿ ರೇಡಿಯೊ) ಸೆಟ್ ಆನ್ ಮಾಡಿದರೆ 40 ಮೀಟರ್‌ ಅನ್ನೋ ಶಾರ್ಟ್‌ವೇವ್ ಬ್ಯಾಂಡ್‌ನಲ್ಲಿ ಧ್ವನಿ ಬರುತ್ತಿತ್ತು, ಹೋಗುತ್ತಿತ್ತು. ಮೇಜಿಗೆ ಕೈ ತಾಗಿದರೂ ಸಾಕು, ಕರಕರ. ನನ್ನದು 1970ರ ದಶಕದ ಯಾಸು ಎಫ್‌ಟಿ-101, ಕೇಳೋಕೂ (ರಿಸೀವ್) ಕಳಿಸೋಕೂ (ಟ್ರಾನ್ಸ್‌ಮಿಟ್) ಒಂದೇ ಪೆಟ್ಟಿಗೆ. ತೀರ್ಥಹಳ್ಳಿಯ ತೇವದಲ್ಲಿ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ತಾಮ್ರ, ಹಿತ್ತಾಳೆ ಸುಮ್ನೆ ಇರುತ್ತವಾ?

ಬಂದು ಹೋಗುವ ದೋಷ ಅಂದರೆ ನಾನು ಮೊದಲು ಅನುಮಾನ ಪಡುವುದು ಕನೆಕ್ಷನ್‌ಗಳ ಮೇಲೆ. ಕಾಯಿಲ್‌ ಒಳಗಿನ ಕೋರ್ (ಟ್ಯೂನ್ ಮಾಡುವ ತಿರುಪು) ತಿರುಗಿಸೋಕೆ ಹೋದರೆ ಅಲೈನ್‌ಮೆಂಟ್, ಅಂದರೆ ಸೆಟ್ಟಿನ ಟ್ಯೂನಿಂಗ್ ಹೊಂದಾಣಿಕೆ ಕೂಡ ಕೆಡುತ್ತದೆ, ಇದ್ದ ರೋಗದ ಜೊತೆ ಇನ್ನೊಂದು.

ಮೊದಲು ಆಂಟೆನಾ ಕೇಬಲ್ ಬಿಚ್ಚಿ ಒಂದು ತುಂಡು ವೈರ್ ಸಿಕ್ಕಿಸಿದೆ. ಆಗಲೂ ಕರಕರ. ಹಾಗಾದರೆ ತೊಂದರೆ ಸೆಟ್ ಒಳಗೇ ಇದೆ. ಮುಚ್ಚಳ ತೆಗೆದು ಪ್ಲಾಸ್ಟಿಕ್ ಹೆಣಿಗೆ ಕಡ್ಡಿಯಿಂದ ಒಂದೊಂದೇ ಬೋರ್ಡ್ ಮೆಲ್ಲಗೆ ತಟ್ಟಿದೆ. ಅಡಿಕೆ ದಬ್ಬೆಯ ಚೂರು ಮನೆಯಲ್ಲೇ ಸಿಗುತ್ತದೆ ನಿಜ, ಆದರೆ ನಮ್ಮ ಕಡೆ ತೇವ ಕುಡಿದ ಮರವನ್ನು ಕರೆಂಟ್ ಹತ್ತಿರ ನಂಬಬಾರದು. ಫೈನಲ್ ಟ್ಯೂಬ್‌ಗಳ (ಕಳಿಸುವ ಸಿಗ್ನಲ್‌ಗೆ ಬಲ ಕೊಡುವ ಗಾಜಿನ ವಾಲ್ವ್‌ಗಳು) ಗೂಡಿನಲ್ಲಿ 600 ವೋಲ್ಟ್ ಆಸುಪಾಸು ಇರುತ್ತದೆ. ಆ ಕಡೆ ಕಡ್ಡಿಯೂ ಬೇಡ, ಕೈಯೂ ಬೇಡ.

ಐಎಫ್ (ಬಂದ ಸಿಗ್ನಲ್ ಅನ್ನು ಮಧ್ಯದ ಆವರ್ತನದಲ್ಲಿ ಬಲಪಡಿಸುವ) ಬೋರ್ಡ್ ತಟ್ಟಿದಾಗ ಧ್ವನಿ ಜಿಗಿಯಿತು. ಈ ಸೆಟ್ಟಿನ ಬೋರ್ಡುಗಳು ಸಾಕೆಟ್‌ಗೆ ಸಿಕ್ಕಿಸುವಂಥವು, ಅದರಿಂದ ಹುಡುಕಾಟ ಸುಲಭ. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆ ಬೋರ್ಡ್ ಹೊರಗೆಳೆದೆ. ಅಂಚಿನ ಪಟ್ಟಿಗಳು ಕಪ್ಪಾಗಿದ್ದವು. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಪುಡಿ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿದೆ. ಉಪ್ಪುಕಾಗದ ಬೇಡವೇ ಬೇಡ, ಲೇಪ ಎದ್ದು ಬರುತ್ತದೆ. ಸಾಕೆಟ್‌ ಒಳಗೂ ಆಲ್ಕೋಹಾಲ್ ಅದ್ದಿದ ದಪ್ಪ ಕಾಗದ ಆಡಿಸಿ, ಆರಿದ ಮೇಲೆ ಬೋರ್ಡನ್ನು ನಾಲ್ಕಾರು ಸಲ ಹಾಕಿ ತೆಗೆದೆ. ರಿಸೀವ್ ಸರಿಯಾಯಿತು.

ಟ್ರಾನ್ಸ್‌ಮಿಟ್ ಮಾತ್ರ ಒಮ್ಮೊಮ್ಮೆ ಕೈಕೊಡುತ್ತಿತ್ತು. ಅದು ರಿಲೇ ಕೆಲಸ, ಅಂದರೆ ಸೆಟ್ಟನ್ನು ರಿಸೀವ್‌ನಿಂದ ಟ್ರಾನ್ಸ್‌ಮಿಟ್‌ಗೆ ಬದಲಿಸುವ ವಿದ್ಯುತ್ ಸ್ವಿಚ್‌ದು. ಪವರ್ ತೆಗೆದು, ಕಾಂಟ್ಯಾಕ್ಟ್‌ಗಳ ನಡುವೆ ಅದೇ ಆಲ್ಕೋಹಾಲ್ ತಾಗಿಸಿದ ತೆಳು ಕಾಗದ ಇಟ್ಟು, ಬೆರಳಿಂದ ಒತ್ತಿ ಎಳೆದೆ. ಕಾಗದದ ಮೇಲೆ ಕಪ್ಪು ಗೆರೆ. ಗೆರೆ ಬೀಳೋದು ನಿಲ್ಲುವವರೆಗೂ ಹೊಸ ಕಾಗದ ಹಾಕಿ ಎಳೆಯುತ್ತಾ ಹೋದೆ.

ಇದೇ ಸೆಟ್ ಇರುವವರಿಗೆ ಇನ್ನೊಂದು ಮಾತು. ಟ್ಯೂಬ್ ಹೊತ್ತಿಕೊಳ್ಳದಿದ್ದರೆ ಹೊಸ ಟ್ಯೂಬ್ ಹುಡುಕುವ ಮುಂಚೆ ಹಿಂದುಗಡೆಯ ಆಕ್ಸೆಸರಿ ಪ್ಲಗ್ ನೋಡಿ. ಟ್ಯೂಬ್ ಕಾಯಿಸುವ ಹೀಟರ್‌ ಕರೆಂಟ್ ಆ ಪ್ಲಗ್‌ನ ಜಂಪರ್ (ಎರಡು ಪಿನ್ ಜೋಡಿಸುವ ತುಂಡು ವೈರ್) ಮೂಲಕವೇ ಹೋಗುವುದು. ಪ್ಲಗ್ ಸಡಿಲವಾಗಿದ್ದರೂ ಟ್ಯೂಬ್ ಸತ್ತಂತೆ ಕಾಣುತ್ತದೆ.