ಹಳೆಯ ಮಸಲ್ ಕಾರಿಗೆ ಹೊಸ ಎಕ್ಸಾಸ್ಟ್ ಕೂರಿಸುವುದು ಹೇಗೆ?

ಪಾಂಟಿಯಾಕ್ ಜಿಟಿಒ, ಫೋರ್ಡ್ ಮಸ್ಟಾಂಗ್, ಷೆವರ್ಲೆ ಕಮಾರೊ, ಡಾಡ್ಜ್ ಚಾರ್ಜರ್. 1960ರ ದಶಕದಲ್ಲಿ ಅಮೆರಿಕದ ರಸ್ತೆಗಿಳಿದ, ಬಲವಾದ ಎಂಜಿನ್ನಿನ ಈ ‘ಮಸಲ್ ಕಾರು’ಗಳ ಗುರುತೇ ಅವುಗಳ ಗುಡುಗು. ಅದು ಹುಟ್ಟುವುದು ವಿ8 ಎಂಜಿನ್ನಿನಲ್ಲಿ. ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿರುತ್ತವೆ, ಆದರೆ ಎಡಕ್ಕೊಂದು ಬಲಕ್ಕೊಂದು ಎಂದು ಸರದಿಯಲ್ಲಿ ಉರಿಯುವುದಿಲ್ಲ. ಷೆವರ್ಲೆಯ ಸ್ಮಾಲ್ ಬ್ಲಾಕ್ ಎಂಬ ವಿ8 ಎಂಜಿನ್ನಿನಲ್ಲಿ ಸಿಲಿಂಡರುಗಳು ಉರಿಯುವ ಕ್ರಮ 1-8-4-3-6-5-7-2. ಬೆಸ ಸಂಖ್ಯೆಗಳು ಎಡ ಸಾಲು, ಸರಿ ಸಂಖ್ಯೆಗಳು ಬಲ ಸಾಲು. 8 ಆದ ಕೂಡಲೇ 4, 5 ಆದ ಕೂಡಲೇ 7 ಉರಿಯುವುದನ್ನು ಗಮನಿಸಿ. ಒಂದೇ ಕಡೆಯಿಂದ ಎರಡು ಹೊಡೆತ ಬೆನ್ನುಬೆನ್ನಿಗೇ ಬರುತ್ತವೆ. ಆ ಏರುಪೇರೇ ನಮ್ಮ ಕಿವಿಗೆ ಬೀಳುವ ಗುಡುಗು.

ಎಂಜಿನ್ನಿನ ಹೊಗೆಯನ್ನು ಹೊರಗೆ ಸಾಗಿಸುವ ಪೈಪು, ಸೈಲೆನ್ಸರ್‌ಗಳೇ ಎಕ್ಸಾಸ್ಟ್. ಅವು ಹಾಳಾಗುವುದು ಹೆಚ್ಚಾಗಿ ಒಳಗಿನಿಂದ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಕಾರನ್ನು ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಪೈಪು ಪೂರ್ತಿ ಕಾಯುವುದಿಲ್ಲ, ನೀರು ಒಳಗೇ ಉಳಿಯುತ್ತದೆ. ಹಾಗಾಗಿ ಹೊರಗಡೆ ಚೆನ್ನಾಗಿ ಕಾಣುವ ಸೈಲೆನ್ಸರ್ ಕೂಡ ತಳದಲ್ಲಿ ತೂತಾಗಿರಬಹುದು. ತಣ್ಣಗಿನ ಎಂಜಿನ್ ಶುರು ಮಾಡಿದಾಗ ಟಿಕ್ ಟಿಕ್ ಸದ್ದು, ಕಾರಿನೊಳಗೆ ಹೊಗೆಯ ವಾಸನೆ, ಜೋತುಬಿದ್ದ ಪೈಪು ಕಂಡರೆ ತಡ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಜೀವ ತೆಗೆಯುತ್ತದೆ.

ಏನು ಕೊಳ್ಳಬೇಕು?

ಅಲ್ಯೂಮಿನೈಸ್ಡ್ (ಅಲ್ಯೂಮಿನಿಯಂ ಲೇಪದ) ಸ್ಟೀಲ್ ಅಗ್ಗ, ಸಾಮಾನ್ಯ ಓಡಾಟಕ್ಕೆ ಸಾಕು. ಸ್ಟೇನ್‌ಲೆಸ್‌ನಲ್ಲಿ 409 ಮತ್ತು 304 ಎಂಬ ಎರಡು ದರ್ಜೆಗಳು ಜಾಸ್ತಿ ಸಿಗುತ್ತವೆ. 409ರ ಮೇಲೆ ತೆಳುವಾಗಿ ತುಕ್ಕು ಕಾಣಿಸಿಕೊಳ್ಳುತ್ತದೆ, 304 ಹೊಳಪು ಉಳಿಸಿಕೊಳ್ಳುತ್ತದೆ. ಕಾರನ್ನು ಬಹಳ ವರ್ಷ ಇಟ್ಟುಕೊಳ್ಳುವವರು 304ಕ್ಕೇ ಹೋಗುವುದು ಒಳ್ಳೆಯದು. ಪೈಪಿನ ತಿರುವುಗಳನ್ನೂ ನೋಡಿ. ಮ್ಯಾಂಡ್ರೆಲ್ ಬೆಂಡ್ ಆದ, ಅಂದರೆ ಒಳಗೆ ಆಧಾರ ಇಟ್ಟು ಬಗ್ಗಿಸಿದ ಪೈಪು ತಿರುವಿನಲ್ಲೂ ಅದೇ ಅಗಲ ಇರುತ್ತದೆ. ಸುಮ್ನೆ ಒತ್ತಿ ಬಗ್ಗಿಸಿದ ಪೈಪು ಅಲ್ಲಿ ಚಪ್ಪಟೆಯಾಗಿ ಹೊಗೆಯ ದಾರಿ ಕಿರಿದಾಗುತ್ತದೆ.

ರಸ್ತೆಯಲ್ಲಿ ಓಡುವ ಹೆಚ್ಚಿನ ವಿ8ಗಳಿಗೆ ಎರಡೂ ಕಡೆ ಎರಡೂವರೆ ಇಂಚಿನ ಪೈಪು ಸರಿಹೋಗುತ್ತದೆ. ಮೂರು ಇಂಚು ಬೇಕಾಗುವುದು ಬಹಳ ಬಲ ಹೆಚ್ಚಿಸಿದ ಎಂಜಿನ್ನಿಗೆ. ಎಂಜಿನ್ನಿಗೆ ಹಿಂದಿನಿಂದ ಒತ್ತಡ ಇರಲೇಬೇಕು ಎನ್ನುವವರಿದ್ದಾರೆ. ಆ ಮಾತು ಸರಿಯಲ್ಲ. ಹೊಗೆ ಚುರುಕಾಗಿ ಸಾಗಬೇಕು, ಅಷ್ಟೇ. ಪೈಪು ಅತಿ ಅಗಲವಾದರೆ ಆ ಚುರುಕು ಕಡಿಮೆಯಾಗುತ್ತದೆ.

ಎರಡೂ ಕಡೆಯ ಪೈಪುಗಳನ್ನು ನಡುವೆ ಜೋಡಿಸುವ ತುಂಡನ್ನು ಬಿಡಬೇಡಿ. ಆಗಲೇ ಹೇಳಿದ ಬೆನ್ನುಬೆನ್ನಿನ ಹೊಡೆತಗಳು ಇಲ್ಲಿ ಎರಡೂ ಕಡೆಗೆ ಹಂಚಿಕೆಯಾಗುತ್ತವೆ. ಇಂಗ್ಲಿಷಿನ H ಆಕಾರದ ಎಚ್ ಪೈಪ್ ಹಾಕಿದರೆ ಹಳೆಯ ದಪ್ಪ ದನಿ ಉಳಿಯುತ್ತದೆ. X ಆಕಾರದ ಎಕ್ಸ್ ಪೈಪ್ ಹಾಕಿದರೆ ದನಿ ನಯವಾಗಿ, ಕೊಂಚ ಏರುತ್ತದೆ. ಆ ಕಾಲದ ಕಾರಿಗೆ ಎಚ್ ಪೈಪೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ 1975ರ ಮಾಡೆಲ್‌ಗಳಿಂದ ಹೆಚ್ಚಿನ ಕಾರುಗಳಿಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ನಿಮ್ಮ ಕಾರಿನಲ್ಲಿ ಅದು ಇದ್ದರೆ ಕಿತ್ತು ಹಾಕುವುದು ಅಲ್ಲಿನ ಕೇಂದ್ರ ಕಾನೂನಿಗೆ ವಿರುದ್ಧ.

ಕಾರನ್ನು ಎತ್ತುವುದು

ಜಾಕ್ ಎತ್ತುವುದಕ್ಕೆ ಮಾತ್ರ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬೇಡಿ. ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಾಲ್ಕು ಸ್ಟ್ಯಾಂಡ್ ಕೊಡಿ. ಮಲಗುವ ಮೊದಲು ಕಾರನ್ನು ಜೋರಾಗಿ ಅಲುಗಾಡಿಸಿ ನೋಡಿ.

ಹಿಂದಿನ ಸ್ಟ್ಯಾಂಡುಗಳನ್ನು ಚಾಸಿಯ ಕೆಳಗಲ್ಲ, ಆಕ್ಸಲ್ ಕೊಳವೆಯ ಕೆಳಗೆ ಕೊಡಿ. ಚಾಸಿ ಹಿಡಿದು ಎತ್ತಿದರೆ ಆಕ್ಸಲ್ ಜೋತುಬೀಳುತ್ತದೆ. ಆ ಸ್ಥಿತಿಯಲ್ಲಿ ಆಕ್ಸಲ್ ಮೇಲಿಂದ ಹಾಯುವ ಪೈಪನ್ನು ಕೂರಿಸಿದರೆ ಬೇಕಾದಷ್ಟು ಜಾಗ ಇದ್ದಂತೆ ಕಾಣುತ್ತದೆ. ಕಾರು ನೆಲಕ್ಕಿಳಿದ ಮೇಲೆ ಮೊದಲ ಗುಂಡಿಯಲ್ಲೇ ಪೈಪು ಆಕ್ಸಲ್ಲಿಗೆ ಬಡಿಯುತ್ತದೆ.

ಹಳೆಯದನ್ನು ಬಿಚ್ಚುವುದು

ಹಿಂದಿನ ರಾತ್ರಿಯೇ ಎಲ್ಲ ನಟ್ಟು ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಪೈಪನ್ನು ತೂಗುಹಾಕುವ ಹ್ಯಾಂಗರುಗಳು ಎಲ್ಲಿವೆ, ಪೈಪು ಯಾವುದರ ಪಕ್ಕ ಹಾದಿದೆ ಎಂದು ಫೋಟೊ ತೆಗೆಯಿರಿ. ಹಳೆಯ ಪೈಪುಗಳನ್ನು ಉಳಿಸುವ ಯೋಚನೆ ಇಲ್ಲದಿದ್ದರೆ ಗುದ್ದಾಡಬೇಡಿ, ಕತ್ತರಿಸಿ ಇಳಿಸಿ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಮಾತ್ರ ಕಿಡಿ ಹಾರಿಸುವ ಗ್ರೈಂಡರ್ ಬೇಡ, ಅಲ್ಲಿ ಹ್ಯಾಕ್ಸಾ ಹಿಡಿಯಿರಿ. ಕಣ್ಣಿಗೆ ಕನ್ನಡಕ ಇರಲಿ, ತುಕ್ಕಿನ ಚೂರು ನೇರ ಮುಖಕ್ಕೇ ಬೀಳುತ್ತದೆ.

ನಿಧಾನ ಬೇಕಾಗುವುದು ಸಿಲಿಂಡರುಗಳ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ ಮ್ಯಾನಿಫೋಲ್ಡಿನ ಹತ್ತಿರ. ಅಲ್ಲಿನ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟುಗಳು) ವರ್ಷಗಟ್ಟಲೆ ಕಾದು ತಣಿದು ಬಲ ಕಳೆದುಕೊಂಡಿರುತ್ತವೆ. ಸ್ಟಡ್ ಮುರಿದರೆ ಕೊರೆದು ತೆಗೆಯುವುದು ದೊಡ್ಡ ಕೆಲಸ. ನಟ್ಟನ್ನು ಒಂದೇ ದಿಕ್ಕಿಗೆ ಎಳೆಯದೆ ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿದು, ಮತ್ತೆ ಬಿಚ್ಚುತ್ತಾ ಬನ್ನಿ. ಜಗ್ಗದಿದ್ದರೆ ನಟ್ಟಿಗೆ ಬೆಂಕಿಯ ಕಾವು ಕೊಡಿ, ಆದರೆ ಮೊದಲು ಎಣ್ಣೆಯನ್ನು ಪೂರ್ತಿ ಒರೆಸಿ, ಹತ್ತಿರದಲ್ಲಿ ಪೆಟ್ರೋಲ್ ಪೈಪು ಇಲ್ಲವೆಂದು ನೋಡಿಕೊಳ್ಳಿ. ಅದಕ್ಕೂ ಬಾರದಿದ್ದರೆ ನಟ್ಟನ್ನೇ ಸೀಳಿಬಿಡಿ. ನಟ್ಟು ಹೋದರೆ ಹೋಗಲಿ, ಸ್ಟಡ್ ಉಳಿಯಬೇಕು. ಇಳಿಸಿದ ಹಳೆಯ ಪೈಪುಗಳನ್ನು ಹೊಸದು ಕೂರುವವರೆಗೂ ಎಸೆಯಬೇಡಿ, ಅಳತೆಗೆ ಬೇಕಾಗುತ್ತವೆ.

ಸಡಿಲವಾಗಿ ಜೋಡಿಸಿ, ಆಮೇಲೆ ಬಿಗಿಯಿರಿ

ಇಡೀ ಕೆಲಸದ ಫಲ ಈ ಹಂತದಲ್ಲಿದೆ. ಮುಂದಿನಿಂದ ಹಿಂದಕ್ಕೆ ಬನ್ನಿ: ಹೊಸ ಗ್ಯಾಸ್ಕೆಟ್ (ಜೋಡಣೆಯ ಸಂದಿ ಮುಚ್ಚುವ ಹಾಳೆ), ಮುಂದಿನ ಪೈಪು, ಎಚ್ ಪೈಪ್, ಸೈಲೆನ್ಸರ್, ಆಕ್ಸಲ್ ಮೇಲಿನ ಪೈಪು, ಬಾಲದ ಪೈಪು. ಎಲ್ಲವನ್ನೂ ಕೈಯಲ್ಲಿ ತಿರುಗಿಸಿದರೆ ತಿರುಗುವಷ್ಟು ಸಡಿಲ ಬಿಡಿ. ಒಂದರೊಳಗೊಂದು ಕೂರುವ ಪೈಪುಗಳು ಒಂದೂವರೆಯಿಂದ ಎರಡು ಇಂಚು ಒಳಗೆ ಹೋಗಬೇಕು. ಸೈಲೆನ್ಸರ್ ಮೇಲೆ ಹೊಗೆ ಸಾಗುವ ದಿಕ್ಕಿನ ಬಾಣ ಇದ್ದರೆ ಅದನ್ನು ನೋಡಿ ಹಾಕಿ.

ಆಮೇಲೆ ಕೆಳಗೆ ಮಲಗಿ ಒಂದೊಂದೇ ಜಾಗ ನೋಡುತ್ತಾ ಹೋಗಿ. ಸುತ್ತಲೂ ಕನಿಷ್ಠ ಮುಕ್ಕಾಲು ಇಂಚು ಬಿಡುವು ಬೇಕು. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಸ್ಟಾರ್ಟರ್ ವೈರುಗಳ ಹತ್ತಿರ ಇನ್ನೂ ಜಾಸ್ತಿ. ವಿ8 ಎಂಜಿನ್ ವೇಗ ಕೊಟ್ಟಾಗ ತನ್ನ ಮೌಂಟಿನ ಮೇಲೆ ಒಂದು ಕಡೆಗೆ ವಾಲುತ್ತದೆ, ಪೈಪೂ ಅದರ ಜೊತೆ ಸರಿಯುತ್ತದೆ. ಕೈಯಿಂದ ಪೈಪನ್ನು ಅಲ್ಲಾಡಿಸಿ, ಎಲ್ಲಿ ತಾಗುತ್ತದೆ ನೋಡಿ. ಹ್ಯಾಂಡ್ ಬ್ರೇಕಿನ ಕೇಬಲ್ ಮರೆಯಬೇಡಿ. ಹಿಂದಿನಿಂದ ನಿಂತು ನೋಡಿದರೆ ಎರಡೂ ಬಾಲದ ಪೈಪುಗಳು ಒಂದೇ ಎತ್ತರದಲ್ಲಿರಬೇಕು ಅಲ್ವಾ? ಒಂದು ತುಂಡನ್ನು ತಿರುಗಿಸಿದರೆ ಮತ್ತೊಂದು ಕದಲುತ್ತದೆ. ಎಷ್ಟು ಹೊತ್ತಾದರೂ ಸರಿ, ಇಲ್ಲೇ ಸರಿಮಾಡಿಕೊಳ್ಳಿ. ಒಮ್ಮೆ ಬಿಗಿದ ಮೇಲೆ ಯು ಆಕಾರದ ಕ್ಲ್ಯಾಂಪು ಪೈಪನ್ನು ಕಚ್ಚಿ ಅಚ್ಚು ಮೂಡಿಸುತ್ತದೆ. ಮತ್ತೆ ಬಿಚ್ಚುವುದು ಕಷ್ಟ. ಪಟ್ಟಿಯಂಥ ಬ್ಯಾಂಡ್ ಕ್ಲ್ಯಾಂಪಿನಲ್ಲಿ ಈ ತೊಂದರೆ ಇಲ್ಲ, ಅವಕ್ಕೇ ದುಡ್ಡು ಹಾಕಿ.

ಎಲ್ಲ ಸರಿ ಎನಿಸಿದ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ಪೈಪಿನ ಭಾರ ರಬ್ಬರ್ ಹ್ಯಾಂಗರುಗಳ ಮೇಲಿರಲಿ, ಮ್ಯಾನಿಫೋಲ್ಡಿನ ಮೇಲಲ್ಲ. ಬಾಲದ ಪೈಪಿನ ತುದಿ ಕಾರಿನ ಮೈಯಿಂದ ಆಚೆ ಬಂದಿರಬೇಕು. ಕೆಳಗೇ ನಿಂತರೆ ಹೊಗೆ ಒಳಗೆ ನುಗ್ಗುತ್ತದೆ. ವೆಲ್ಡಿಂಗ್ ಮಾಡಿಸುವುದಾದರೆ ಮೊದಲು ಬ್ಯಾಟರಿ ವೈರು ಬಿಚ್ಚಿ.

ಶುರು ಮಾಡಿ ನೋಡುವುದು

ಕಾರನ್ನು ಬಯಲಿಗೆ ತಂದು ತಣ್ಣಗಿರುವಾಗಲೇ ಶುರು ಮಾಡಿ. ಜೋಡಣೆಗಳ ಮೇಲೆ ಸೋಪಿನ ನೀರು ಚಿಮುಕಿಸಿ. ಇನ್ನೊಬ್ಬರು ದಪ್ಪ ಬಟ್ಟೆಯಿಂದ ಬಾಲದ ಪೈಪನ್ನು ಒಂದು ಕ್ಷಣ ಅರ್ಧ ಮುಚ್ಚಲಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಮೊದಲ ಸಲ ಕಾದಾಗ ಪೈಪಿನ ಮೇಲಿನ ಎಣ್ಣೆ ಸುಟ್ಟು ಸ್ವಲ್ಪ ಹೊಗೆ ಬರುತ್ತದೆ, ಹೆದರಬೇಡಿ.

ನೂರು ಮೈಲಿಯಷ್ಟು ಓಡಿದ ಮೇಲೆ, ಪೈಪು ತಣಿದಿರುವಾಗ, ಎಲ್ಲ ಕ್ಲ್ಯಾಂಪು ಮತ್ತು ಫ್ಲ್ಯಾಂಜ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಆಗಲೇ ಸ್ಪಾರ್ಕ್ ಪ್ಲಗ್ಗನ್ನೂ ತೆಗೆದು ನೋಡಿ. ಹೊಗೆಯ ದಾರಿ ಸಲೀಸಾದಾಗ ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುವುದುಂಟು. ಪ್ಲಗ್ಗಿನ ಪಿಂಗಾಣಿ ತಿಳಿಗಂದು ಬಣ್ಣದ್ದಾಗಿದ್ದರೆ ಸರಿ. ಬೆಳ್ಳಗೆ ಸುಟ್ಟಂತಿದ್ದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತಿನ ತುಂಡು, ಅಂದರೆ ಜೆಟ್, ಒಂದು ಅಳತೆ ದೊಡ್ಡದು ಹಾಕಿ.